ಮಂಚ ದೊಡ್ಡದಾದಾಗ ಕೌದಿಯ ಚಿತ್ತಾರ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಕನ್ನಡ ನಾಡಿನ ಮನೆಮನೆಯಲ್ಲಿಯೂ ಕೇಳಿಬರುವ ಗಾದೆ. ಹಾಸಿಗೆಯ ಅಳತೆ ಮೊದಲೇ ಗೊತ್ತಾಗಿರುವುದೆಂದೂ, ಅದಕ್ಕೆ ಒಗ್ಗಿಕೊಳ್ಳಬೇಕಾದುದು ಮನುಷ್ಯನ ಕಾಲೆಂದೂ ಈ ಗಾದೆಯ ತಿಳಿವಳಿಕೆ. ಆದರೆ ಮನೆವಾಳ್ತೆಯ ಇತಿಹಾಸವನ್ನು ಪರಿಶೀಲಿಸಿದರೆ ಹಾಸಿಗೆಯೂ ಮಂಚವೂ ಕಾಲಕಾಲಕ್ಕೆ ಹಿಗ್ಗುತ್ತಲೂ ಕುಗ್ಗುತ್ತಲೂ ಬಂದಿರುವುದು ಕಾಣುತ್ತದೆ. ಮಂಚ ಹಿಗ್ಗಿದಾಗ ಅದರ ಮೇಲಣ ಹೊದಿಕೆಯ ಗತಿಯೇನು? ಬರಿಯ ಕಂಬಳಿಯಾದರೆ ದೊಡ್ಡದೊಂದನ್ನು ಕೊಂಡರಾಯಿತು. ತುಂಡಿಗೆ ತುಂಡನ್ನು ಕೂಡಿಸಿ, ಲೆಕ್ಕವಿಟ್ಟು, ಚಿತ್ತಾರ ಮೂಡಿಸಿ ಹೊಲಿದ ಕೌದಿಯಾದರೆ ಪ್ರಶ್ನೆ ಅಷ್ಟು ಸುಲಭವಲ್ಲ. ಈ ಸಣ್ಣ ಪ್ರಶ್ನೆಗೆ ಬೇರೆ ಬೇರೆ ದೇಶಗಳ ಸ್ತ್ರೀಯರು ಕೊಟ್ಟಿರುವ ಉತ್ತರಗಳಲ್ಲಿ ಮುನ್ನೂರು ವರ್ಷಗಳ ಚರಿತ್ರೆ ಅಡಗಿದೆ. ಆ ಚರಿತ್ರೆಯ ಮೊದಲ ಎಳೆ ಹೊರಟದ್ದು ನಮ್ಮ ಭರತಖಂಡದ ಕರಾವಳಿಯಿಂದಲೇ.

ಚಿತ್ತಾರವೊಂದನ್ನು ದೊಡ್ಡದು ಮಾಡುವ ದಾರಿಗಳಾವುವೆಂಬುದನ್ನು ಮೊದಲು ತಿಳಿಯಬೇಕು. ಅಂಗಳದಲ್ಲಿ ಚುಕ್ಕಿಯ ರಂಗವಲ್ಲಿಯನ್ನು ಇಡುವ ಹೆಣ್ಣುಮಗಳಿಗೆ ಇದು ಹೊಸ ವಿಷಯವಲ್ಲ. ಅಂಗಳ ವಿಶಾಲವಾಗಿದ್ದರೆ ಚುಕ್ಕಿಗಳ ನಡುವಣ ಅಂತರವನ್ನು ಹೆಚ್ಚಿಸಬಹುದು. ಇಲ್ಲವೆ ಅಂತರವನ್ನು ಇದ್ದಂತೆಯೇ ಇಟ್ಟು ಚುಕ್ಕಿಯ ಸಾಲುಗಳನ್ನು ಹೆಚ್ಚಿಸಬಹುದು. ಅದೂ ಬೇಡವೆಂದರೆ, ಮುಗಿದ ರಂಗವಲ್ಲಿಯ ಸುತ್ತಲೂ ಬಳ್ಳಿಯ ಅಂಚನ್ನು ಎಳೆಯಬಹುದು. ಮೊದಲನೆಯದರಲ್ಲಿ ರೂಪವು ಹಿಗ್ಗುತ್ತದೆ, ಎರಡನೆಯದರಲ್ಲಿ ಬೆಳೆಯುತ್ತದೆ, ಮೂರನೆಯದರಲ್ಲಿ ರೂಪವು ಇದ್ದಷ್ಟೇ ಇದ್ದು ಅದರ ಆವರಣವು ದೊಡ್ಡದಾಗುತ್ತದೆ. ಕೌದಿಯ ಕೆಲಸದಲ್ಲಿಯೂ ದಾರಿಗಳು ಇವೇ ಮೂರು. ಯಾವ ಕಾಲದಲ್ಲಿ ಯಾವ ದಾರಿ ಹಿಡಿದರೆಂಬುದನ್ನು ಮಾತ್ರ ಬಟ್ಟೆಯ ಬೆಲೆ, ಮನೆಯ ಸ್ಥಿತಿ, ಪೇಟೆಯ ಬೇಡಿಕೆಗಳು ನಿರ್ಣಯಿಸಿದುವು.

ಹದಿನೇಳನೆಯ ಶತಮಾನದಲ್ಲಿ ಪೂರ್ವ ಕರಾವಳಿಯ ಚೋಳಮಂಡಲ ತೀರದಿಂದ ಯುರೋಪಿಗೆ ಹೋಗುತ್ತಿದ್ದ ಸರಕುಗಳಲ್ಲಿ ಬಣ್ಣದ ಹೂಬಳ್ಳಿಗಳನ್ನು ಬರೆದ ಹತ್ತಿಯ ಚೀಟಿಬಟ್ಟೆಯು ಮುಖ್ಯವಾದುದು. ಮಂಚದ ಮೇಲೆ ಹಾಸುವುದಕ್ಕೆಂದೇ ಮಾಡಿದ, ನಡುವೆ ಹೂಬಿಟ್ಟ ಮರವೊಂದನ್ನು ಬರೆದ ದೊಡ್ಡ ಹಾಸುಗಳಿಗೆ 'ಪಲಂಗಪೋಷ್' ಎಂಬ ಹೆಸರಿದ್ದಿತು. ಪಲ್ಲಂಗವನ್ನು ಮುಚ್ಚುವುದೆಂದು ಇದರ ಅರ್ಥ. ಇಂಗ್ಲಿಷರ ಬಾಯಲ್ಲಿ ಇದು 'ಪಲಂಪೋರ್' ಎಂದಾಯಿತು. ಒಗೆದರೂ ಮಾಸದ ಆ ಕೆಂಪು ನೀಲಿ ಬಣ್ಣಗಳಿಗೆ ಯುರೋಪಿನ ಜನರು ಮಾರುಹೋದರು. ಅಲ್ಲಿಯ ಉಣ್ಣೆ ರೇಷ್ಮೆಗಳ ನೆಯ್ಗೆಯವರಿಗೆ ಹೊಟ್ಟೆಪಾಡಿನ ಭಯ ಹುಟ್ಟಿತು. ಫ್ರಾನ್ಸ್ ದೇಶವು 1686ರಲ್ಲಿ ಈ ಬಟ್ಟೆಯನ್ನು ನಿಷೇಧಿಸಿ 1759ರವರೆಗೆ ಆ ಕಟ್ಟನ್ನು ಉಳಿಸಿಕೊಂಡಿತು. ಇಂಗ್ಲೆಂಡಿನಲ್ಲಿ 1701ರಿಂದ ಒಂದು ಶಾಸನವೂ, 1722ರ ಕೊನೆಯಿಂದ ಇನ್ನೂ ಕಠಿನವಾದ ಮತ್ತೊಂದೂ ಜಾರಿಗೆ ಬಂದುವು. ಎರಡನೆಯದನ್ನು ತೆಗೆದುಹಾಕಿದ್ದು 1774ರಲ್ಲಿ.

ನಿಷೇಧದ ಫಲವಾಗಿ, ಮೊದಲೇ ಬೆಲೆಯುಳ್ಳ ಬಟ್ಟೆ ಇನ್ನೂ ದುರ್ಲಭವಾಯಿತು. ಮನೆಯಲ್ಲಿ ಉಳಿದಿದ್ದ ಒಂದು ಚೂರನ್ನೂ ಎಸೆಯುವಂತಿರಲಿಲ್ಲ. ಇಂಗ್ಲೆಂಡಿನ ಉತ್ತರಭಾಗದಲ್ಲಿರುವ ಲೆವೆನ್ಸ್ ಹಾಲ್ ಎಂಬ ಹಳೆಯ ಮನೆಯಲ್ಲಿ ಭಾರತದ ಚೀಟಿಬಟ್ಟೆಯ ತುಂಡುಗಳನ್ನು ಕೂಡಿಸಿ ಮಾಡಿದ ಮಂಚದ ಹೊದಿಕೆಯೊಂದು ಉಳಿದುಬಂದಿದೆ. ಅದನ್ನು 1708ರ ಸುಮಾರಿನದೆಂದು ಹೇಳುವುದು ವಾಡಿಕೆ. ಆ ದೇಶದಲ್ಲಿ ಉಳಿದಿರುವ ತುಂಡುಗೆಲಸಗಳಲ್ಲಿ ಬಹು ಹಳೆಯವುಗಳ ಸಾಲಿಗೆ ಅದು ಸೇರುತ್ತದೆ. ಮತ್ತೊಂದು ಉಪಾಯವೂ ಕ್ರಮೇಣ ರೂಢಿಗೆ ಬಂದಿತು. ಚೀಟಿಬಟ್ಟೆಯಲ್ಲಿದ್ದ ಹೂ, ಎಲೆ, ಹಕ್ಕಿಗಳನ್ನು ಒಂದೊಂದಾಗಿ ಕತ್ತರಿಸಿ, ಬಿಳಿಯ ಬಟ್ಟೆಯ ಮೇಲೆ ದೂರ ದೂರ ಹರಡಿ ಅಂಚು ಮಡಿಸಿ ಹೊಲಿದರೆ, ಒಂದು ಗಜದ ಹೂದೋಟ ಮೂರು ಗಜದ ಹಾಸಿಗೆಯನ್ನು ತುಂಬುತ್ತಿದ್ದಿತು. ಈ ಕೆಲಸಕ್ಕೆ ಮುಂದೆ 'ಬ್ರೋದರಿ ಪೆರ್ಸ್', ಎಂದರೆ ಪಾರಸೀಕ ಕಸೂತಿ, ಎಂಬ ಹೆಸರು ಬಿದ್ದಿತು. ಅದರ ಮೊದಲ ಹೂಗಳನ್ನು ಬರೆದ ಕೈಗಳಾದರೋ ಬಹುಮಟ್ಟಿಗೆ ಭಾರತದವು. ಚಿತ್ತಾರವನ್ನು ಹಿಗ್ಗಿಸದೆ, ಹೊಸದಾಗಿ ಬೆಳೆಸದೆ, ನಡುವಣ ಬಯಲನ್ನು ಮಾತ್ರ ಹೆಚ್ಚಿಸಿ ಮಂಚದ ಅಳತೆಗೆ ಮುಟ್ಟಿಸಿದ ರೀತಿ ಇದು.

ಈ ಕೈಗೆಲಸವು ಇಂಗ್ಲೆಂಡಿನಿಂದ ಅಮೇರಿಕೆಗೆ ಹೋದಾಗ ನಡುಚಿತ್ರದ ಕೌದಿಯೆಂಬ ಬಗೆಯು ಅಲ್ಲಿ ಮನ್ನಣೆ ಪಡೆಯಿತು. ನಡುವೆ ಒಂದು ಬೆಲೆಯುಳ್ಳ ಚಿತ್ರ. ಅದರ ಸುತ್ತ ಒಂದು ಅಂಚು. ಅದರ ಸುತ್ತ ಮತ್ತೊಂದು. 1774ರ ಸುಮಾರಿಗೆ ಇಂಗ್ಲೆಂಡಿನಿಂದ ಫಿಲಡೆಲ್ಫಿಯಾ ನಗರಕ್ಕೆ ಬಂದು ಬಟ್ಟೆಗೆ ಅಚ್ಚುಹಾಕುವ ಉದ್ಯೋಗವನ್ನು ನಡೆಸಿದ ಜಾನ್ ಹ್ಯೂಸನ್ ಎಂಬಾತನು ಹೂದಾನಿ, ಚಿಟ್ಟೆ, ಹಕ್ಕಿಗಳ ಚಿತ್ರವುಳ್ಳ ಬಟ್ಟೆಗಳನ್ನು ಅಚ್ಚುಮಾಡಿದನು. ಅವುಗಳನ್ನು ನಡುವಿಟ್ಟು ಹೊಲಿದ ಕೌದಿಗಳನ್ನು ಆ ದೇಶದ ವಸ್ತುಸಂಗ್ರಹಾಲಯಗಳು ಇಂದಿಗೂ ಕಾಪಾಡಿಕೊಂಡಿವೆ. ಇಂತಹ ಕೌದಿಯನ್ನು ದೊಡ್ಡದು ಮಾಡುವುದು ಬಹು ಸರಳ. ಇನ್ನೊಂದು ಸುತ್ತು ಅಂಚನ್ನು ಕೂಡಿಸಿದರಾಯಿತು. ತಾಯಿ ನಿಲ್ಲಿಸಿದಲ್ಲಿಂದ ಮಗಳು ಮುಂದುವರಿಸಬಹುದು. ಆದುದರಿಂದಲೇ ಹಳೆಯ ಕೌದಿಗಳ ಕಾಲನಿರ್ಣಯ ಮಾಡುವವರು ನಡುಚಿತ್ರವನ್ನು ಮಾತ್ರ ನೋಡಿ ತೀರ್ಪು ಕೊಡುವುದಿಲ್ಲ; ಹೊರಗಣ ಅಂಚಿನ ಬಟ್ಟೆಯನ್ನೂ ಪರೀಕ್ಷಿಸುತ್ತಾರೆ. ಒಂದೇ ಕೌದಿಯಲ್ಲಿ ಬೇರೆ ಬೇರೆ ಕಾಲದ ಬಟ್ಟೆಗಳು ಕೂಡಿರುವುದುಂಟು.

ಮಂಚವು ಎಂದಿಗೂ ಚಿಕ್ಕದರಿಂದ ದೊಡ್ಡದಕ್ಕೇ ಹೋಯಿತೆಂದು ಭಾವಿಸಬಾರದು. ಹದಿನೆಂಟನೆಯ ಶತಮಾನದ ಕೊನೆಯ ಅಮೇರಿಕದ ಕೌದಿಗಳಲ್ಲಿ ನೂರು ಅಂಗುಲ ಅಗಲಕ್ಕೆ ಕಡಮೆಯಿಲ್ಲದವು ಹಲವು ಉಂಟು. ಆ ಕಾಲದ ಮಂಚಗಳು ಎತ್ತರವಾದುವು. ಮೇಲೆ ಗರಿ ತುಂಬಿದ ದಪ್ಪ ಹಾಸಿಗೆ. ಹಗಲಿನಲ್ಲಿ ಮಕ್ಕಳ ಕಿರುಮಂಚವನ್ನು ಕೆಳಗೆ ತಳ್ಳಿಡುವ ಪದ್ಧತಿ. ಹೊದಿಕೆಯು ಇದೆಲ್ಲವನ್ನೂ ಮರೆಮಾಡುವಂತೆ ಇಳಿಬೀಳಬೇಕಾಗಿದ್ದಿತು. ನ್ಯೂ ಇಂಗ್ಲೆಂಡ್ ಪ್ರಾಂತದವರು ನಾಲ್ಕು ಕಂಬದ ಮಂಚಕ್ಕಾಗಿ ಕಾಲ ಕಡೆಯ ಎರಡು ಮೂಲೆಗಳನ್ನು ಚೌಕವಾಗಿ ಕತ್ತರಿಸಿದ ಕೌದಿಗಳನ್ನು ಹೊಲಿದರು. ಕಂಬದ ಮಂಚ ಹೋಗಿ ತಗ್ಗಿನ ಮಂಚ ಬಂದಾಗ, ಆ ಕತ್ತರಿಸಿದ ಮೂಲೆಗಳು ಹಿಂದಿನ ಮಂಚವೊಂದರ ನೆರಳಿನಂತೆ ಕೌದಿಯಲ್ಲಿ ಉಳಿದುಕೊಂಡುವು.

ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧ ಮುಗಿಯುವಷ್ಟರಲ್ಲಿ ಮತ್ತೊಂದು ಬಗೆ ಪ್ರಧಾನವಾಯಿತು. ಇಡಿಯ ಕೌದಿಯನ್ನು ಒಂದೇ ಚಿತ್ರವೆಂದೆಣಿಸದೆ, ಹನ್ನೆರಡು ಅಂಗುಲದಷ್ಟರ ಚೌಕಗಳನ್ನು ಒಂದೊಂದಾಗಿ ಹೊಲಿದು ಕಡೆಗೆ ಕೂಡಿಸುವುದು ಈ ಕ್ರಮ. ಚೌಕವನ್ನು ಮಡಿಲಲ್ಲಿಟ್ಟುಕೊಂಡು ಹೊಲಿಯಬಹುದು. ಬಿಡುವಿದ್ದಾಗ ಒಂದು, ಮತ್ತೊಂದು ವಾರ ಮತ್ತೊಂದು. 1840ರ ದಶಕದಲ್ಲಿ ಬಾಲ್ಟಿಮೋರ್ ನಗರದ ಸ್ತ್ರೀಯರು ಒಬ್ಬೊಬ್ಬರು ಒಂದೊಂದು ಚೌಕವನ್ನು ಹೊಲಿದು, ಹಲವರು ಅದರ ಮೇಲೆ ಹೆಸರನ್ನೂ ಬರೆದು, ಎಲ್ಲವನ್ನೂ ಕೂಡಿಸಿ ಗೆಳೆತನದ ಕಾಣಿಕೆಯಾಗಿ ಕೊಡುತ್ತಿದ್ದರು. ಇಲ್ಲಿ ಕೌದಿಯ ಅಳತೆಯು ಎಣಿಕೆಯ ವಿಷಯವಾಯಿತು. ಅಗಲ ಸಾಲದಿದ್ದರೆ ಚೌಕಗಳನ್ನು ಹೆಚ್ಚಿಸಿದರೆ ತೀರಿತು.

ಎರಡನೆಯ ಮಹಾಯುದ್ಧದ ತರುವಾಯ ಈ ಎಣಿಕೆಗೆ ಹೊಸ ಪರೀಕ್ಷೆ ಒದಗಿತು. ಅದುವರೆಗೆ ಇಬ್ಬರು ಮಲಗುವ ಮಂಚದ ಹಾಸಿಗೆಯು ಅಮೇರಿಕದಲ್ಲಿ ಸಾಮಾನ್ಯವಾಗಿ 54 ಅಂಗುಲ ಅಗಲ, 75 ಅಂಗುಲ ಉದ್ದ. ಒಬ್ಬೊಬ್ಬರ ಪಾಲಿಗೆ 27 ಅಂಗುಲ. 1950ರ ದಶಕದ ಕೊನೆಯಿಂದ 'ರಾಣಿ', 'ರಾಜ' ಎಂಬ ಹೆಸರಿನ ದೊಡ್ಡ ಹಾಸಿಗೆಗಳು ಮನೆಗಳನ್ನು ಹೊಕ್ಕುವು. ರಾಣಿಯದು 60ಕ್ಕೆ 80 ಅಂಗುಲ, ರಾಜನದು 76ಕ್ಕೆ 80. ಅಜ್ಜಿಯ ಕಾಲದ ಚಿತ್ತಾರವನ್ನು ಈ ರಾಜಮಂಚಕ್ಕೆ ಹೊಂದಿಸುವುದು ಹೇಗೆ?

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಒಂಬತ್ತು ತುಂಡುಗಳನ್ನು ಮೂರು ಸಾಲಾಗಿ ಕೂಡಿಸಿದ 12 ಅಂಗುಲದ ಚೌಕಗಳು ಅಡ್ಡಕ್ಕೆ ಆರು, ಉದ್ದಕ್ಕೆ ಏಳು ಇರಲಿ. ಒಟ್ಟು 42 ಚೌಕಗಳು, 378 ತುಂಡುಗಳು. ಕೌದಿ 72ಕ್ಕೆ 84 ಅಂಗುಲ. ಹಳೆಯ ಮಂಚದ ಮೇಲೆ ಹಾಸಿದರೆ ಎರಡು ಪಕ್ಕಗಳಲ್ಲಿಯೂ ಕಾಲ ಕಡೆಯಲ್ಲಿಯೂ ಸರಿಯಾಗಿ ಒಂಬತ್ತು ಅಂಗುಲ ಇಳಿಯುತ್ತದೆ. ರಾಜಮಂಚದ ಮೇಲಾದರೋ ಹಾಸಿಗೆಯ ಅಗಲವನ್ನೇ ಮುಚ್ಚಲಾರದು. ಅಗಲ 96 ಅಂಗುಲವಾದರೆ ಇಕ್ಕೆಲಗಳಲ್ಲಿ ಹತ್ತು ಹತ್ತು ಅಂಗುಲ ಇಳಿಯುವುದು. ಚೌಕಗಳನ್ನು ಎಂಟಕ್ಕೆ ಎಂಟು ಮಾಡಿದರೆ 64 ಚೌಕಗಳು, 576 ತುಂಡುಗಳು ಬೇಕು. ಅಷ್ಟು ಶ್ರಮ ಬೇಡವೆಂದವರಿಗೆ ಅಂಚಿನ ದಾರಿಯುಂಟು: ಹಳೆಯ 42 ಚೌಕಗಳನ್ನೇ ಇಟ್ಟುಕೊಂಡು ಚೌಕ ಚೌಕದ ನಡುವೆ ಎರಡು ಅಂಗುಲದ ಪಟ್ಟಿಗಳನ್ನು ಕೂಡಿಸಿದರೆ ಅಗಲ 82, ಉದ್ದ 96 ಆಗುವುದು, ಎರಡು ಪಕ್ಕಗಳಿಗೂ ಏಳು ಏಳು ಅಂಗುಲದ ಅಂಚನ್ನಿಟ್ಟರೆ ಅಗಲವೂ 96 ಆಯಿತು. ಒಂದು ಚೌಕವನ್ನೂ ಹೊಸದಾಗಿ ಹೊಲಿಯಬೇಕಾಗಿಲ್ಲ.

ಮೂರನೆಯ ದಾರಿ ಚೌಕವನ್ನೇ ಹಿಗ್ಗಿಸುವುದು. ಹನ್ನೆರಡರ ಬದಲು ಹದಿನಾರು ಅಂಗುಲ. ಮೇಲೆ ನೋಡುವುದಕ್ಕೆ ಇದೇ ಎಲ್ಲಕ್ಕಿಂತ ಸುಲಭ. ಜನರು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ಮುಗಿದ ಮೇಲೆ ನಾಲ್ಕು ಅಂಗುಲ ಕಾಣಬೇಕಾದ ತುಂಡನ್ನು ನಾಲ್ಕೂವರೆ ಅಂಗುಲಕ್ಕೆ ಕತ್ತರಿಸುತ್ತಾರೆ. ಪ್ರತಿ ಪಕ್ಕಕ್ಕೂ ಕಾಲು ಅಂಗುಲ ಹೊಲಿಗೆಯೊಳಗೆ ಹೋಗುತ್ತದೆ. ಚಿತ್ತಾರ ಎಷ್ಟೇ ಹಿಗ್ಗಲಿ, ಹೊಲಿಗೆಗೆ ಬಿಡುವ ಈ ಅಂಚು ಹಿಗ್ಗುವಂತಿಲ್ಲ. ಇದನ್ನು ಮರೆತು ನಾಲ್ಕೂವರೆಯನ್ನೇ ಮೂರನೆಯ ಒಂದು ಪಾಲು ಹೆಚ್ಚಿಸಿ ಆರು ಅಂಗುಲಕ್ಕೆ ಕತ್ತರಿಸಿದರೆ, ಚೌಕವು ಹದಿನಾರರ ಬದಲು ಹದಿನಾರೂವರೆ ಅಂಗುಲವಾಗುವುದು. ಆರು ಚೌಕಗಳು ಕೂಡುವಷ್ಟರಲ್ಲಿ 96 ಅಂಗುಲ ಇರಬೇಕಾದುದು 99 ಆಗುವುದು. ಬಟ್ಟೆಯ ಲೆಕ್ಕದಲ್ಲಿಯೂ ಇಂತಹ ಮೋಸವುಂಟು. ಉದ್ದ ಅಗಲಗಳು ಮೂರನೆಯ ಒಂದು ಪಾಲು ಹೆಚ್ಚಿದರೆ ಬಟ್ಟೆಯು ಅಷ್ಟೇ ಹೆಚ್ಚಿದರೆ ಸಾಲದು. ಒಂಬತ್ತು ಗಜ ಬೇಕಾಗಿದ್ದಲ್ಲಿ ಹದಿನಾರು ಗಜ ಬೇಕಾಗುತ್ತದೆ. ಇದಕ್ಕೂ ಮಿಗಿಲಾಗಿ, ದೊಡ್ಡ ತುಂಡುಗಳಿಂದಾದ ಚಿತ್ತಾರವು ಹಳೆಯದರಂತೆ ಕಾಣುವುದೇ ಇಲ್ಲ. ಸಣ್ಣ ತುಂಡುಗಳ ಒತ್ತಿನಿಂದ ಹುಟ್ಟುವ ಸೊಗಸು ಕೌದಿ ಹಿಗ್ಗಿದಂತೆ ತೆಳುವಾಗುತ್ತದೆ.

ಎಣಿಕೆಯಿಂದ ಬೆಳೆಸುವುದೂ ಎಲ್ಲ ಚಿತ್ತಾರಗಳಿಗೆ ಸಲ್ಲುವುದಿಲ್ಲ. ಅಮೇರಿಕದವರು ಒಂಟಿ ನಕ್ಷತ್ರವೆಂದು ಕರೆಯುವ ಕೌದಿಯಲ್ಲಿ ಎಂಟು ದೊಡ್ಡ ವಜ್ರಾಕೃತಿಗಳು ನಡುವೆ ಕೂಡುತ್ತವೆ; ಒಂದೊಂದು ವಜ್ರವೂ ಸಣ್ಣ ವಜ್ರಗಳ ಸಾಲುಗಳಿಂದಾದುದು. ಸಾಲು ಎಂಟಿದ್ದರೆ ತುಂಡುಗಳು 512, ಒಂಬತ್ತಾದರೆ 648. ಸಣ್ಣ ವಜ್ರದ ಭುಜ ಮೂರು ಅಂಗುಲವಾದರೆ, ಈ 136 ತುಂಡುಗಳ ಶ್ರಮಕ್ಕೆ ನಕ್ಷತ್ರದ ಚೌಕವು ಸುಮಾರು 82 ಅಂಗುಲದಿಂದ 92 ಅಂಗುಲಕ್ಕೆ, ಎಂದರೆ ಹತ್ತು ಅಂಗುಲ ಮಾತ್ರ, ಬೆಳೆಯುತ್ತದೆ. ಒಂದೊಂದು ಹೊಲಿಗೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಸಾಲು ಸಾಲಿಗೂ ಆ ತಪ್ಪು ಬೆಳೆದು, ಕಡೆಗೆ ನಕ್ಷತ್ರವು ನೆಲದ ಮೇಲೆ ಸಮನಾಗಿ ಕುಳಿತುಕೊಳ್ಳುವುದಿಲ್ಲ.

ಇಷ್ಟೆಲ್ಲ ಲೆಕ್ಕವನ್ನು ಬಹುಕಾಲ ಸ್ತ್ರೀಯರು ಬಾಯಲ್ಲಿಯೂ ಬೆರಳಲ್ಲಿಯೂ ಇಟ್ಟುಕೊಂಡಿದ್ದರು. ಅಚ್ಚಿನ ನಮೂನೆಗಳು ಬಂದ ಮೇಲೆ ಅದು ಕಾಗದಕ್ಕೆ ಇಳಿಯಿತು. ಸೇಂಟ್ ಲೂಯಿಸ್ ನಗರದ ಲೇಡೀಸ್ ಆರ್ಟ್ ಕಂಪನಿಯು 1889ರಿಂದ ಕೌದಿಯ ನಮೂನೆಗಳನ್ನು ಅಂಚೆಯಲ್ಲಿ ಮಾರತೊಡಗಿತು. ಮೇರಿ ವೆಬ್‌ಸ್ಟರ್ ಎಂಬಾಕೆಯು ಈ ಕಲೆಯ ಚರಿತ್ರೆಯನ್ನು ಕುರಿತ ಮೊದಲ ದೊಡ್ಡ ಪುಸ್ತಕವನ್ನು 1915ರಲ್ಲಿ ಪ್ರಕಟಿಸಿದಳು. ಕಾನ್ಸಾಸ್ ಸಿಟಿ ಸ್ಟಾರ್ ಎಂಬ ವೃತ್ತಪತ್ರಿಕೆಯು 1928ರಿಂದ 1961ರವರೆಗೆ ನಮೂನೆಗಳನ್ನು ಅಚ್ಚುಮಾಡುತ್ತ ಬಂದಿತು. 1933ರಲ್ಲಿ ಸಿಯರ್ಸ್ ಎಂಬ ವ್ಯಾಪಾರಸಂಸ್ಥೆಯು ಷಿಕಾಗೋ ನಗರದ ಮಹಾಪ್ರದರ್ಶನದ ಸಂದರ್ಭದಲ್ಲಿ ಏರ್ಪಡಿಸಿದ ಸ್ಪರ್ಧೆಗೆ ಬಂದ ಕೌದಿಗಳು ಸುಮಾರು 25,000. ನಮೂನೆಯ ಕಾಗದದಿಂದ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಗದದ ಮೇಲೆ ಅಳತೆ ನಿಶ್ಚಿತವಾಗಿದ್ದರಿಂದ, ಅದಕ್ಕಿಂತ ದೊಡ್ಡದು ಬೇಕೆಂದಾಗ ಲೆಕ್ಕವನ್ನು ಹೊಸದಾಗಿ ಕಲಿಯಬೇಕಾಯಿತು.

ಕಾಗದದ ಹಂಗಿಲ್ಲದೆ ಕೌದಿಯನ್ನು ಬೆಳೆಸಿದವರೂ ಅದೇ ದೇಶದಲ್ಲಿದ್ದರು. ಅಲಬಾಮಾ ಸಂಸ್ಥಾನದಲ್ಲಿ ನದಿಯೊಂದರ ತಿರುವಿನೊಳಗಿರುವ ಜೀಸ್ ಬೆಂಡ್ ಎಂಬ ಊರಿನಲ್ಲಿ, ಹಿಂದೆ ಗುಲಾಮರಾಗಿದ್ದ ಆಫ್ರಿಕದ ಮೂಲದವರ ಸಂತತಿಯು ವಾಸವಾಗಿದೆ. ಅಲ್ಲಿಯ ಸ್ತ್ರೀಯರು ಹೊಲದ ಕೆಲಸದ ಹಳೆಯ ಉಡುಪುಗಳನ್ನು ಹರಿದು ಕೌದಿ ಮಾಡಿದರು. 'ಮನೆಮಾಡು' ಎಂದು ಹೇಳಬಹುದಾದ ಅವರದೊಂದು ಚಿತ್ತಾರದಲ್ಲಿ ನಡುವೆ ಒಂದು ತುಂಡು. ಅದರ ಸುತ್ತ ಪಟ್ಟಿ, ಪಟ್ಟಿಯ ಸುತ್ತ ಪಟ್ಟಿ. ಮೈಗೆ ಸಾಕಾಗುವಷ್ಟು, ಅಥವಾ ಬಟ್ಟೆ ಮುಗಿಯುವವರೆಗೆ, ಅದು ಬೆಳೆಯುತ್ತ ಹೋಗಬಹುದು. ಆ ಸೀಮೆಯ ಸ್ತ್ರೀಯರು 1966ರಲ್ಲಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘವನ್ನು ಕಟ್ಟಿ ದೂರದ ಪೇಟೆಗಳಿಗೆ ಕೌದಿಗಳನ್ನು ಒದಗಿಸಿದರು. ಪೇಟೆಯು ಒಂದೇ ಅಳತೆ, ಒಂದೇ ನಮೂನೆಗಳನ್ನು ಕೇಳಿತು. ಕೈಗೆ ನಾಲ್ಕು ಕಾಸು ಬಂದಿತು. ತನ್ನ ಇಷ್ಟದಂತೆ ಬೆಳೆಸುವ ಸ್ವಾತಂತ್ರ್ಯವು ಆ ಕೆಲಸದ ಮಟ್ಟಿಗೆ ಕಡಮೆಯಾಯಿತು. ವಿಚಿತ್ರವೇನೆಂದರೆ, 2002ರಲ್ಲಿ ಹ್ಯೂಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿ ಪ್ರದರ್ಶಿತವಾಗಿ ಲೋಕದ ಮೆಚ್ಚುಗೆಗೆ ಪಾತ್ರವಾದ ಜೀಸ್ ಬೆಂಡ್ ಕೌದಿಗಳು ಮನೆಯವರ ಮೈ ಬೆಚ್ಚಗಿಡುವುದಕ್ಕೆಂದು ಅಳತೆಪಟ್ಟಿಯಿಲ್ಲದೆ ಹೊಲಿದಂತಹವೇ.

ಇದಕ್ಕೆ ತೀರ ಎದುರಾದ ಕ್ರಮವೊಂದು ನಮ್ಮ ನಾಡಿನಲ್ಲಿಯೇ ಉಂಟು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡು ಮೊದಲಾದ ಸೀಮೆಗಳಲ್ಲಿ ವಾಸಿಸುವ ಸಿದ್ದಿಯರೂ ಆಫ್ರಿಕದ ಮೂಲದವರು. ಪೋರ್ತುಗೀಜರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದವರು ಇವರ ಪೂರ್ವಜರಲ್ಲಿ ಅನೇಕರು. 2003ರಲ್ಲಿ ಈ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ವರ್ಗಗಳ ಪಟ್ಟಿಗೆ ಸೇರಿಸಲಾಯಿತು. ಸಿದ್ದಿ ಸ್ತ್ರೀಯರು ಕವಂದಿಯೆಂದು ಕರೆಯುವ ಕೌದಿಯನ್ನು ಹೊಲಿಯುವಾಗ ನಡುವಿನಿಂದ ತೊಡಗುವುದಿಲ್ಲ. ಹಳೆಯ ಸೀರೆಯನ್ನು ಅಡಿಗೆ ಹಾಸಿಕೊಂಡು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ತುಂಡುಗಳನ್ನಿಟ್ಟು, ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ಬಂದು ನಡುವಿನಲ್ಲಿ ಮುಗಿಸುತ್ತಾರೆ. ತುಂಡನ್ನು ಅಂಟಿಸುವ ಹೊಲಿಗೆಯೂ ಪದರಗಳನ್ನು ಬಿಗಿಯುವ ಹೊಲಿಗೆಯೂ ಒಂದೇ. ನಾಲ್ಕು ಮೂಲೆಗಳಲ್ಲಿಯೂ ಬಟ್ಟೆಯನ್ನು ಮೂರು ಮೂಲೆಯಾಗಿ ಮಡಿಸಿ ಫೂಲವೆಂಬ ಹೂವನ್ನು ಕಟ್ಟುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಪೂರ್ಣವಲ್ಲ.

ಎರಡು ಕ್ರಮಗಳ ಭೇದವನ್ನು ಇಲ್ಲಿ ಯೋಚಿಸಬೇಕು. ನಡುವಿನಿಂದ ಬೆಳೆಯುವ ಕೌದಿಯಲ್ಲಿ ಒಂದೊಂದು ಸುತ್ತೂ ಹಿಂದಿನದಕ್ಕಿಂತ ಉದ್ದ. ಅಂಚಿನಿಂದ ಬರುವ ಕವಂದಿಯಲ್ಲಿ ಅತಿ ಉದ್ದವಾದ ಸುತ್ತು ಮೊದಲನೆಯದು, ಕೆಲಸ ಸಾಗಿದಂತೆ ಸುತ್ತು ಕಿರಿದು. ಮೊದಲನೆಯದನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಬೇಕೆಂದಾಗ ಮುಂದುವರಿಸಬಹುದು. ಎರಡನೆಯದರ ಅಳತೆಯು ಮೊದಲ ಹೊಲಿಗೆಗೆ ಮುಂಚೆಯೇ ಗೊತ್ತಾಗಿರಬೇಕು. ತೊಟ್ಟಿಲ ಕೂಸಿಗೋ, ಒಬ್ಬಳೇ ಮುದುಕಿಗೋ, ಮಕ್ಕಳೊಡನೆ ಮಲಗುವ ತಾಯಿಗೋ ಎಂಬುದನ್ನು ತಿಳಿದ ಮೇಲೆಯೇ ಸೀರೆಯನ್ನು ಹಾಸುವುದು. ಮುಗಿದ ಕವಂದಿಗೆ ಹೊರಗಿನಿಂದ ಮತ್ತೊಂದು ಸುತ್ತು ಕೂಡಿಸಿದರೆ ಮೂಲೆಯ ಹೂಗಳು ಮೂಲೆಯಲ್ಲಿ ಉಳಿಯದೆ ಒಳಗೆ ಸಿಕ್ಕಿಕೊಳ್ಳುವುವು. ದೊಡ್ಡದು ಬೇಕಾದವರು ಹೊಸದನ್ನೇ ತೊಡಗಬೇಕು. ಅಲ್ಲಿ ಚಿತ್ತಾರವು ಬೆಳೆಯುವುದು ಒಳಮುಖವಾಗಿ, ಸುತ್ತುಗಳ ಸಂಖ್ಯೆಯಲ್ಲಿ. ಪರಿಚಿತ ಜನರ ಮೈಯನ್ನು ಅಳತೆಯಾಗಿಟ್ಟುಕೊಂಡು ಆರಂಭವಾದ ಈ ಕೈಗೆಲಸಕ್ಕೆ ಈಗ ದೂರದ ಊರುಗಳಿಂದಲೂ ಬೇಡಿಕೆಯುಂಟು. ಕೊಳ್ಳುವವರು ತಮ್ಮ ಮಂಚದ ಅಂಗುಲಗಳನ್ನು ಮೊದಲೇ ತಿಳಿಸಿದರೆ ಈ ಕ್ರಮಕ್ಕೆ ಬಾಧೆಯಿಲ್ಲ. ತುಂಡುಗಳ ಬಣ್ಣ, ಜಾಗಗಳನ್ನೂ ತಾವೇ ಗೊತ್ತುಮಾಡಹೊರಟರೆ ಬಾಧೆಯುಂಟು.

ಉತ್ತರ ಕರ್ನಾಟಕದ ಮನೆಗಳಲ್ಲಿ ಇಳಕಲ್ಲು ಸೀರೆ, ಖಣಗಳ ತುಂಡುಗಳಿಂದ ಹೊಲಿದ ಕೌದಿಗಳು ಇಂದಿಗೂ ಪೆಟ್ಟಿಗೆಗಳಲ್ಲಿವೆ. ಚಾಪೆಯ ಅಗಲಕ್ಕೆ ಹೊಲಿದವು ಇಂದಿನ ಮಂಚಕ್ಕೆ ಸಾಲವೆಂದು ಅವುಗಳನ್ನು ಬಿಚ್ಚುವುದೂ ಎಸೆಯುವುದೂ ಯುಕ್ತವಲ್ಲ. ಸುತ್ತಲೂ ಅಂಚನ್ನು ಕೂಡಿಸುವುದೇ ಇಂತಹವಕ್ಕೆ ತಕ್ಕ ಉಪಾಯ. ಅಂಚಿನ ಹೊಸ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಗೆದು ಒಣಗಿಸಬೇಕು. ಇಲ್ಲವಾದರೆ ಮೊದಲ ಒಗೆತಕ್ಕೆ ಅದು ಕುಗ್ಗಿ, ಸವೆದ ಹಳೆಯ ಅರಿವೆಯನ್ನು ಜಗ್ಗಿ ಹರಿಯುವುದು. ಅಂಚಿನ ಬಣ್ಣವು ನಡುವಿನದನ್ನು ಅಡಗಿಸದಂತಿದ್ದರೆ ಸಾಕು; ಹಳೆಯದರಂತೆಯೇ ತೋರಬೇಕೆಂಬ ಹಟ ಬೇಡ. ಹೊಲಿದವಳ ಹೆಸರನ್ನೂ ಅಂಚನ್ನು ಕೂಡಿಸಿದವಳ ಹೆಸರನ್ನೂ ವರ್ಷದೊಡನೆ ಒಂದು ಮೂಲೆಯಲ್ಲಿ ದಾರದಿಂದ ಬರೆದಿಟ್ಟರೆ ಮುಂದಿನವರಿಗೆ ಊಹೆಯ ಕಷ್ಟ ತಪ್ಪುತ್ತದೆ. ಬಾಲ್ಟಿಮೋರಿನ ಸ್ತ್ರೀಯರು ಹೆಸರು ಬರೆದುದರಿಂದ ಅವರು ಯಾರೆಂಬುದು ಇಂದಿಗೂ ತಿಳಿಯುತ್ತದೆ. ಲೋಕದ ಉಳಿದ ಕೌದಿಗಳಲ್ಲಿ ಬಹುಪಾಲಿನವನ್ನು ಹೊಲಿದವರ ಹೆಸರು ಯಾರಿಗೂ ತಿಳಿಯದು.